ರೀಫ್ ಹುಕ್ ಅಂದ್ರೇನು, ಕರೆಂಟ್ (ನೀರಿನ ಸೆಳೆತ) ಇರೋ ಕಡೆ ಡೈವ್ ಮಾಡೋಕೆ ಅದು ಬೇಕೇ ಬೇಕಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ನಾಲ್ಕು ವರ್ಷದ ಹಿಂದೆ ನಾನೂ ಇದೇ ಗೊಂದಲದಲ್ಲಿದ್ದೆ. ಮಾಲ್ಡೀವ್ಸಲ್ಲಿ ಲೈವ್‌ಅಬೋರ್ಡ್ (ದೋಣೀಲೇ ಉಳ್ಕೊಂಡು ಡೈವ್ ಮಾಡೋ ಟ್ರಿಪ್) ಬುಕ್ ಮಾಡಿದೀರ, ಅವರು ಕಳಿಸಿರೋ ಪಟ್ಟೀಲಿ ರೀಫ್ ಹುಕ್ ಅಂತ ಇದೆ, ಹುಡುಕಿದ್ರೆ ಅರ್ಧ ರಿಸಲ್ಟು ಹಾಯಿದೋಣಿದು ಬರ್ತಿದೆ, ಇನ್ನರ್ಧದಲ್ಲಿ ಹವಳ ಹಾಳಾಗುತ್ತೆ ಅಂತ ಜಗಳ. ನಿಮಗೆ 35 ಡೈವ್ ಆಗಿದೆ, ಹೆಚ್ಚಿನವು ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪದಲ್ಲಿ, ತಗೊಳ್ಳೋದಾ ಬೇಡ್ವಾ ಅಂತ ಕೇಳಿದೀರ. ತಗೊಳ್ಳಿ. ಆದ್ರೆ ಹಾಕೋದಕ್ಕಿಂತ ಮೊದಲು ಬಿಡಿಸೋದು ಕಲೀರಿ, ನಾನು ಉಲ್ಟಾ ಮಾಡಿ ಅನುಭವಿಸಿದೀನಿ.

ಅದು ಹೇಗಿರುತ್ತೆ ಅಂದ್ರೆ, ಬಾವಿಗೆ ಬಿದ್ದ ಬಿಂದಿಗೆ ಎತ್ತೋಕೆ ಅಜ್ಜಿ ಮನೇಲಿ ಪಾತಾಳಗರಡಿ ಇರ್ತಿತ್ತಲ್ಲ, ಅದರಲ್ಲಿ ಒಂದೇ ಒಂದು ಕೊಕ್ಕೆ ಕಿತ್ಕೊಂಡ ಹಾಗೆ. ಸ್ಟೇನ್‌ಲೆಸ್ ಸ್ಟೀಲ್ ಕೊಕ್ಕೆ, ಅದಕ್ಕೆ ಒಂದೂವರೆ ಮೀಟರ್ ಆಸುಪಾಸಿನ ಹಗ್ಗ, ಹಗ್ಗದ ಇನ್ನೊಂದು ತುದೀಲಿ ಕ್ಲಿಪ್. ಕೊಕ್ಕೆ ಬಂಡೆಗೆ, ಕ್ಲಿಪ್ ನಿಮ್ಮ ಬಿಸಿಡಿಗೆ, ಅಂದ್ರೆ ತೇಲೋಕೆ ಗಾಳಿ ತುಂಬಿಸೋ ಜಾಕೆಟ್ಟಿಗೆ. ಅಷ್ಟೇ. ಆಮೇಲೆ ನೀವು ಆಷಾಢದ ಗಾಳಿಪಟ, ಕಾಲು ಆಡಿಸದೆ ಸುಮ್ನೆ ತೇಲ್ತಾ ನಿಂತಿರ್ತೀರ, ಎದುರಿಗೆ ಶಾರ್ಕ್‌ಗಳು.

ಇದರ ಅವಶ್ಯಕತೆ ಯಾಕೆ ಅಂತ ನೇತ್ರಾಣೀಲಿ ಮಾತ್ರ ಡೈವ್ ಮಾಡಿದವರಿಗೆ ಬೇಗ ಗೊತ್ತಾಗಲ್ಲ. (ಕರೆಂಟ್ ಜೋರಿತ್ತು ಅಂತ ನಾನು ಫೋನಲ್ಲಿ ಹೇಳಿದ್ದಕ್ಕೆ ಅಮ್ಮ "ನೀರಲ್ಲಿ ಯಾರೋ ಕರೆಂಟ್ ಬಿಟ್ಟಿದ್ರು" ಅಂತ ಇಡೀ ಬೀದಿಗೆ ಹೇಳ್ಕೊಂಡು ಬಂದಿದ್ರು.) ಮಾಲ್ಡೀವ್ಸ್ ಅಂದ್ರೆ ಬಳೆ ತರ ಇರೋ ಹವಳದ ಉಂಗುರಗಳು. ಅಟಾಲ್ ಅನ್ನೋ ಪದಾನೇ ಅಲ್ಲಿನ ದಿವೇಹಿ ಭಾಷೆಯಿಂದ ಬಂದಿದ್ದು. ಆ ಬಳೆ ಅಲ್ಲಲ್ಲಿ ಒಡೆದಿರುತ್ತೆ, ಆ ಸಂದಿಗೆ ಅವರು ಕಂಡು ಅಂತಾರೆ. ಹೊರಗಿನ ಸಮುದ್ರದ ನೀರೆಲ್ಲ ಒಳಗಿನ ಲಗೂನಿಗೆ ಹೋಗ್ಬೇಕಂದ್ರೆ ಈ ಸಂದೀಲೇ ನುಗ್ಬೇಕು, ಜಾಗ ಕಡಿಮೆ ಆದಾಗ ಓಟ ಜಾಸ್ತಿ. ನೀರು ಒಳಗೆ ಬರೋ ಹೊತ್ತಲ್ಲಿ ಕನ್ನಡಿ ತರ ಸ್ವಚ್ಛ ಇರುತ್ತೆ, ಗ್ರೇ ರೀಫ್ ಶಾರ್ಕ್‌ಗಳು ಸಂದಿಯ ಬಾಯಲ್ಲಿ ಮುಖ ಹೊರಗೆ ಮಾಡ್ಕೊಂಡು ಆರಾಮಾಗಿ ನಿಂತಿರ್ತಾವೆ. ನೀವು ನೋಡೋಕೆ ಕೂರೋ ಜಾಗ ಆ ಬಾಯಿಯ ಅಂಚು, ಮನೆ ಹೊಸ್ತಿಲಿದ್ದ ಹಾಗೆ, ಹೆಚ್ಚಿನ ಕಡೆ 20ರಿಂದ 30 ಮೀಟರ್ ಆಳದಲ್ಲಿ. ಹೊಸ್ತಿಲು ದಾಟಿ ಒಳಗೆ ತಳ್ಳಿಸ್ಕೊಂಡ್ರೆ ಮುಗೀತು, ವಾಪಸ್ ಬರೋಕಾಗಲ್ಲ, ಶೋ ಮಿಸ್.

ಈಜಿ ನಿಲ್ತೀನಿ ಅನ್ಕೋಬೇಡಿ. 1 ನಾಟ್ ಅಂದ್ರೆ ಗಂಟೆಗೆ 1.85 ಕಿಮೀ, ಲಾಲ್‌ಬಾಗಲ್ಲಿ ವಾಕಿಂಗ್ ಬರೋ ತಾತಂದಿರೇ ಅದಕ್ಕಿಂತ ಜೋರಾಗಿ ನಡೀತಾರೆ, ಆದ್ರೆ ಅಷ್ಟು ಸೆಳೆತಕ್ಕೆ ಎದುರಾಗಿ ಐದು ನಿಮಿಷ ಫಿನ್ (ಕಾಲಿನ ರೆಕ್ಕೆ) ಹೊಡೆದು ಟ್ಯಾಂಕಿನ ಗೇಜ್ ನೋಡಿ, ಗಾಳಿ ಎಲ್ಲೋಯ್ತು ಅಂತೀರ. ನೀರಿನ ವೇಗ ಎರಡರಷ್ಟಾದ್ರೆ ಅದು ತಳ್ಳೋ ಬಲ ನಾಲ್ಕರಷ್ಟು.

ಹಾಯಿದೋಣಿ ರಿಸಲ್ಟ್ ಬರ್ತಿರೋದೂ ಇದೇ ಲೆಕ್ಕದಿಂದ. ಅಲ್ಲಿ ರೀಫಿಂಗ್ ಅಂದ್ರೆ ಗಾಳಿ ಜೋರಾದಾಗ ಹಾಯಿಯ ಕೆಳಗಿನ ಪಟ್ಟಿ ಮಡಚಿ ಕಟ್ಟಿ ಅದನ್ನ ಚಿಕ್ಕದು ಮಾಡೋದು. ಗಾಳಿಯ ವೇಗ ಎರಡರಷ್ಟಾದ್ರೆ ಅಲ್ಲೂ ಬಲ ನಾಲ್ಕರಷ್ಟೇ, ಮಡಚದೆ ಇದ್ರೆ ದೋಣಿ ಮಲಗುತ್ತೆ. ಮಜಾ ಏನಂದ್ರೆ ಅವರಲ್ಲೂ ರೀಫ್ ಹುಕ್ ಅಂತ ಒಂದಿದೆ, ಪಟಸ್ತಂಭಕ್ಕೆ ಅಡ್ಡದಂಡ ಸೇರೋ ಜಾಗದಲ್ಲಿ ಕೊಂಬಿನ ತರ ಎರಡು ಕೊಕ್ಕೆ, ಹಾಯಿ ಇಳಿಸಿದಾಗ ಅದರ ಅಂಚಿನ ಬಳೆ ಅದಕ್ಕೆ ಸಿಕ್ಕಿಸ್ತಾರೆ. ನೀವು ಆರ್ಡರ್ ಮಾಡುವಾಗ ಅದನ್ನ ತರಿಸ್ಕೋಬೇಡಿ ಅಷ್ಟೇ.

ಈಗ ಹಾಕೋದು. ಗೈಡ್ ಹಿಂದೇನೇ ಬಂಡೆಗೆ ಅಂಟ್ಕೊಂಡ ಹಾಗೆ ಕೆಳಗೆ ಬನ್ನಿ, ಮೇಲೆ ತೇಲ್ತಾ ಬಂದ್ರೆ ಸೆಳೆತ ನಿಮ್ಮನ್ನ ಒಳಗೆ ಎತ್ಕೊಂಡು ಹೋಗುತ್ತೆ. ಹವಳ ಇಲ್ಲದ ಬೋಳು ಬಂಡೆಯ ಬಿರುಕೋ ಅಂಚೋ ಹುಡುಕಿ, ಕೊಕ್ಕೆ ಇಡೋ ಮುಂಚೆ ಒಳಗೆ ಹಾವಿನ ತರದ ಈಲ್ ಮೀನು ಗೀನು ಇದೆಯಾ ನೋಡಿ, ಕಲ್ಲಿನ ತರಾನೇ ಕಾಣೋ ಸ್ಕಾರ್ಪಿಯನ್ ಮೀನು ಪಕ್ಕದಲ್ಲೇ ಕೂತಿರುತ್ತೆ. ಸಿಕ್ಕಿಸಿ ಒಂದ್ಸಲ ಎಳೆದು ನೋಡಿ. ಆಮೇಲೆ ಹಗ್ಗ ನಿಧಾನಕ್ಕೆ ಬಿಡ್ತಾ ಹಿಂದೆ ಸರೀರಿ, ಬಿಸಿಡಿಗೆ ಒಂಚೂರು, ನಿಜವಾಗ್ಲೂ ಒಂಚೂರೇ, ಗಾಳಿ ಹಾಕಿ, ಆಗ ಬಂಡೆಯಿಂದ ಮೇಲೆ ಎದ್ದು ನಿಲ್ತೀರ, ಫಿನ್ ಯಾವ ಹವಳಕ್ಕೂ ತಾಗಲ್ಲ. ಕ್ಲಿಪ್ ಸೊಂಟದ ಹತ್ರ ಮುಂದಿನ ಡಿ ರಿಂಗಿಗೆ (ಬಿಸಿಡಿ ಮೇಲಿನ ಡಿ ಆಕಾರದ ಬಳೆ) ಇರ್ಲಿ, ಭುಜದ್ದಕ್ಕೆ ಹಾಕಿದ್ರೆ ದೇಹ ಒಂದು ಕಡೆ ತಿರುಚ್ಕೊಳ್ಳುತ್ತೆ. ಮುಖ ಸೆಳೆತಕ್ಕೆ ನೇರವಾಗಿರ್ಲಿ. ಪಕ್ಕದಲ್ಲಿ ದೊಡ್ಡ ಮಾಂಟಾ ಮೀನು ಬಂತು ಅಂತ ಪಟ್ ಅಂತ ತಿರುಗಿದ್ರೆ ಮಾಸ್ಕ್ ಕಿತ್ಕೊಂಡು ಹೋಗಬಹುದು, ಬಾಯಲ್ಲಿರೋ ರೆಗ್ಯುಲೇಟರಿನ ಬಟನ್ ನೀರಿನ ರಭಸಕ್ಕೆ ಒತ್ತಿ ಗಾಳಿ ಸುರಿಯೋಕೆ ಶುರುವಾಗಬಹುದು.

ಬಿಡಿಸೋದು, ಇಲ್ಲೇ ನಾನು ಎಡವಿದ್ದು. ಎರಡನೇ ದಿನದ ಡೈವು, 24 ಮೀಟರ್, ಎದುರಿಗೆ ಏಳೆಂಟು ಶಾರ್ಕು, ಟೈಮೇ ಗೊತ್ತಾಗ್ಲಿಲ್ಲ. ಕೈಲಿರೋ ಡೈವ್ ಕಂಪ್ಯೂಟರ್ ನೋಡಿದ್ರೆ ಡೀಕೋಗೆ (ನೇರವಾಗಿ ಮೇಲೆ ಬರೋಕಾಗದೆ ನಡುವೆ ನಿಲ್ಲಲೇಬೇಕಾದ ಸ್ಥಿತಿ) 3 ನಿಮಿಷ ಬಾಕಿ. ಗಾಬರಿಲಿ ಮುಂದೆ ಎಳ್ಕೊಂಡು ಕೊಕ್ಕೆ ಕಿತ್ತೆ. ಬಿಸಿಡಿಲಿದ್ದ ಗಾಳಿ ಹಾಗೇ ಇದೆ! ಅಲ್ಲಿವರೆಗೆ ಹಗ್ಗ ನನ್ನನ್ನ ಕೆಳಗೆ ಹಿಡಿದಿತ್ತು, ಹಗ್ಗ ಹೋದ ತಕ್ಷಣ ಬೆಂಡಿನ ತರ ಮೇಲೆ. ಮೇಲೆ ಹೋದಷ್ಟೂ ಗಾಳಿ ಹಿಗ್ಗುತ್ತೆ, ಹಿಗ್ಗಿದಷ್ಟೂ ಇನ್ನೂ ಜೋರಾಗಿ ಮೇಲೆ, 15 ಮೀಟರ್ ಹತ್ರ ಗೈಡ್ ನನ್ನ ಫಿನ್ ಹಿಡಿದು ಬಿಸಿಡಿ ಗಾಳಿ ಹೊರಗೆ ಬಿಡೋ ಡಂಪ್ ದಾರ ಎಳೆದ. ದೋಣೀಲಿ ಅವನು ಬೈಲಿಲ್ಲ, ನನ್ನ ಹುಕ್ ತಗೊಂಡು ರೇಲಿಂಗಿಗೆ ಸಿಕ್ಕಿಸಿ ನನ್ನ ಕೈಲಿ ಹತ್ತು ಸಲ ಮಾಡಿಸ್ದ: ಮೊದಲು ಗಾಳಿ ಪೂರ್ತಿ ಖಾಲಿ, ಆಮೇಲೆ ಹಗ್ಗ ಹಿಡ್ಕೊಂಡು ಮುಂದೆ ಎಳ್ಕೊಂಡು ಸಡಿಲ ಮಾಡೋದು, ಕೊನೇಗೆ ಕೊಕ್ಕೆ. ಹತ್ತು ಸಲಾನೂ ಬೇರೆ ಡೈವರ್‌ಗಳು ನೋಡ್ತಿದ್ರು. ನೀವು ಮನೆ ಬಾಲ್ಕನಿ ಗ್ರಿಲ್ಲಿಗೆ ಸಿಕ್ಕಿಸಿ ಮಾಡಿ, ಅವಮಾನ ಉಳಿಯುತ್ತೆ. ತಾನಾಗೇ ಕೊಕ್ಕೆ ಜಾರಿದ್ರೂ ಅಷ್ಟೇ, ಕೈ ಮೊದಲು ಹೋಗ್ಬೇಕಾದ್ದು ಡಂಪಿಗೆ.

ಟೈಮಿನ ವಿಷಯ ಇನ್ನೊಂದು. ಮಾಮೂಲಿ ಡೈವಲ್ಲಿ ಸ್ವಲ್ಪ ಸ್ವಲ್ಪ ಮೇಲೆ ಬರ್ತಿರ್ತೀವಿ, ಹುಕ್ ಹಾಕಿದ್ರೆ ಒಂದೇ ಆಳದಲ್ಲಿ ಕೂತಿರ್ತೀವಿ. 30 ಮೀಟರಲ್ಲಿ ಮಾಮೂಲಿ ಗಾಳಿಗೆ ಪ್ಯಾಡಿ (ಡೈವಿಂಗ್ ಕಲಿಸೋ ಸಂಸ್ಥೆ) ಟೇಬಲ್ ಡೀಕೋ ಇಲ್ಲದೆ ಇರೋಕೆ ಕೊಡೋದು ಬರೀ 20 ನಿಮಿಷ. 32 ಪರ್ಸೆಂಟ್ ನೈಟ್ರಾಕ್ಸ್ (ಆಮ್ಲಜನಕ ಜಾಸ್ತಿ ಇರೋ ಗಾಳಿ) ಆದ್ರೆ 30 ನಿಮಿಷದ ಆಸುಪಾಸು ಸಿಗುತ್ತೆ, ಹೋಗೋ ಮುಂಚೆ ಆ ಕೋರ್ಸ್ ಮಾಡ್ಕೊಂಡ್ರೆ ಹುಕ್ಕಿಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತೆ. ಮಾಲ್ಡೀವ್ಸಲ್ಲಿ 30 ಮೀಟರ್‌ಗಿಂತ ಕೆಳಗೆ ಹೋಗೋ ಹಾಗಿಲ್ಲ, ಅದು ಅಲ್ಲಿನ ನಿಯಮ.

ಹವಳದ ಜಗಳಕ್ಕೆ ಬಂದ್ರೆ ನನ್ನ ಅಭಿಪ್ರಾಯ, ಎರಡೂ ಕಡೆಯವರು ಸ್ವಲ್ಪ ಸರಿ. ಎಂಟು ಜನ ಕೈಲಿ ಹವಳ ತಬ್ಕೊಂಡು ಮೊಣಕಾಲೂರಿ ಕೂರೋದಕ್ಕಿಂತ ಎಂಟು ಕೊಕ್ಕೆ ಎಷ್ಟೋ ವಾಸಿ. ಹಾಗಂತ ಹುಕ್ ಇದ್ರೆ ಪರಿಸರ ಸೇಫ್ ಅನ್ನೋದು ಮಾರೋರ ಮಾತು, ಜೀವಂತ ಹವಳಕ್ಕೆ ಸಿಕ್ಕಿಸಿದ್ರೆ ಅದು ಮುರಿಯುತ್ತೆ, ಮುರಿದಾಗ ನಿಮ್ಮ ಹುಕ್ಕೂ ಹೋಯ್ತು ನೀವೂ ಹೋದ್ರಿ. ಈ ಹುಕ್‌ಗೆ ಹೆಸರುವಾಸಿಯಾದ ಪೆಸಿಫಿಕ್‌ನ ಪಲಾವುನ (ತಿನ್ನೋ ಪಲಾವ್ ಅಲ್ಲ, ದೇಶ) ಬ್ಲೂ ಕಾರ್ನರ್ ಅನ್ನೋ ಡೈವ್ ಜಾಗದಲ್ಲಿ ಇದು ಮಾಮೂಲು, ಆದ್ರೆ ಹುಕ್ಕನ್ನೇ ಬ್ಯಾನ್ ಮಾಡಿರೋ ಮರೈನ್ ಪಾರ್ಕುಗಳೂ ಇವೆ, ಆದ್ದರಿಂದ ಪ್ರತಿ ಟ್ರಿಪ್ಪಿಗೂ ಕೇಳಿ.

ಎಲ್ಲಾ ಡೈವಲ್ಲೂ ಬೇಕಾಗಲ್ಲ. ನಮ್ಮ ಟ್ರಿಪ್ಪಲ್ಲಿ 17 ಡೈವಿಗೆ ನಾನು ಹುಕ್ ತೆಗೆದದ್ದು ನಾಲ್ಕರಲ್ಲಿ, ಉಳಿದಿದ್ದೆಲ್ಲ ಸುಮ್ನೆ ತೇಲ್ಕೊಂಡು ಹೋಗೋದು. ಬೇಡದಾಗ ಜೇಬಲ್ಲಿ ಸುತ್ತಿಡಿ, ನೇತಾಡ್ತಿದ್ರೆ ತಾನೇ ಎಲ್ಲಾದ್ರೂ ಸಿಕ್ಕಾಕ್ಕೊಳ್ಳುತ್ತೆ. ಬಿಡಿಸಿದ ಮೇಲೆ ನೀವೆಲ್ಲ ನೀಲಿ ನೀರಲ್ಲಿ ಹರ್ಕೊಂಡು ಹೋಗ್ತಾನೇ 5 ಮೀಟರಲ್ಲಿ 3 ನಿಮಿಷ ಸೇಫ್ಟಿ ಸ್ಟಾಪ್ ಮಾಡ್ಬೇಕು, ಸ್ವಂತ ಎಸ್‌ಎಂಬಿ (ದೋಣಿಯವರಿಗೆ ಕಾಣೋ ಹಾಗೆ ಮೇಲೆ ಬಿಡೋ ಗಾಳಿ ತುಂಬಿದ ಕೊಳವೆ) ಇರ್ಲಿ, ಅದನ್ನ ಬಿಡೋಕೆ ಬರ್ಲಿ.

ಯಾವ ತಿಂಗಳು ಹೋಗ್ತಿದೀರ ಅಂತ ಬರೆದಿಲ್ಲ. ಜನವರಿಯಿಂದ ಏಪ್ರಿಲ್ ಆದ್ರೆ ಸೆಳೆತ ಪೂರ್ವದಿಂದ ಪಶ್ಚಿಮಕ್ಕೆ, ಪೂರ್ವದ ಕಡೆ ಕಂಡುಗಳಲ್ಲಿ ನೀರು ಸ್ವಚ್ಛ, ಶಾರ್ಕೂ ಅಲ್ಲೇ, ನಮ್ಮ ಮುಂಗಾರಿನ ತಿಂಗಳುಗಳಲ್ಲಿ ಅದು ಉಲ್ಟಾ. ರೂಟ್ ಹೇಳಿ, ಗೊತ್ತಿರೋ ಜಾಗ ಇದ್ರೆ ಹೇಳ್ತೀನಿ.