ಆರನೇ ವಾರ, ಟಿಎಸ್‌ಎಚ್ 4.8: ಮಗುವಿನ ಬುದ್ಧಿಗೆ ತೊಂದರೆಯೇ?

ಥೈರಾಯ್ಡ್ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ 50 ಮೈಕ್ರೋಗ್ರಾಂ ತಗೊಂಡರೂ ಗರ್ಭದ ಆರನೇ ವಾರಕ್ಕೆ, ಆ ಹಾರ್ಮೋನ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ 4.8 ಬಂದಿದೆ, ಮಗುವಿನ ಬುದ್ಧಿಗೆ ತೊಂದರೆಯಾದೀತೇ ಅಂತ ಕೇಳಿದ್ದೀರಿ. ಹೆದರಬೇಡಿ, ಈಗಲೇ ಸರಿಮಾಡಬಹುದು. ಆದರೆ ಮುಂದಿನ ತಪಾಸಣೆವರೆಗೆ ಕಾಯಬೇಡಿ, ಇವತ್ತೇ ವೈದ್ಯರಿಗೆ ಫೋನ್ ಮಾಡಿ. ಮಗುವಿನ ಥೈರಾಯ್ಡ್ ಗ್ರಂಥಿ ಪೂರ್ತಿ ಕೆಲಸಕ್ಕೆ ನಿಲ್ಲುವುದು 18–20ನೇ ವಾರದ ಹೊತ್ತಿಗೆ. ಅಲ್ಲಿಯವರೆಗೆ ಅದರ ಮಿದುಳು ನಿಮ್ಮ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಅದಕ್ಕೇ ಮೊದಲಿಂದ ಮಾತ್ರೆ ತಗೊಳ್ಳುತ್ತಿದ್ದವರಿಗೆ ಗರ್ಭ ನಿಂತ ಕೂಡಲೇ ಪ್ರಮಾಣವನ್ನು ಶೇ. 25–30 ಏರಿಸುತ್ತಾರೆ, ಅಂದರೆ ವಾರಕ್ಕೆ 7ರ ಬದಲು 9 ಮಾತ್ರೆ. ಟಿಎಸ್‌ಎಚ್ 2.5ರೊಳಗೆ ಬರಬೇಕು. ಐದು ತಿಂಗಳಾಗುವವರೆಗೆ ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಥೈರಾಕ್ಸಿನ್, ಕಬ್ಬಿಣದ ಮಾತ್ರೆ ಎರಡನ್ನೂ ಬೆಳಗಿನ ಕಾಫಿ ಜೊತೆ ನುಂಗುತ್ತೀನಿ ಅಂದಿದ್ದೀರಲ್ಲ, ಎಡವಟ್ಟಾಗಿರೋದು ಬಹುಶಃ ಅಲ್ಲೇ. ಕಬ್ಬಿಣವಾಗಲಿ ಕ್ಯಾಲ್ಸಿಯಂ ಆಗಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಎದ್ದ ತಕ್ಷಣ ಬರಿಹೊಟ್ಟೆಯಲ್ಲಿ ನೀರಿನ ಜೊತೆ ಥೈರಾಕ್ಸಿನ್, ಕಾಫಿ-ತಿಂಡಿ ಒಂದು ಗಂಟೆ ಬಿಟ್ಟು, ಕಬ್ಬಿಣ ಮಧ್ಯಾಹ್ನಕ್ಕೆ. ನಡುವೆ ನಾಲ್ಕು ಗಂಟೆಯಾದರೂ ಇರಲಿ. ಬೆಳಗಿನ ವಾಂತಿಯಲ್ಲಿ ಮಾತ್ರೆ ಹೊರಗೆ ಬರುತ್ತಿದ್ದರೆ, ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ತಗೊಳ್ಳಬಹುದಾ ಅಂತ ಫೋನಿನಲ್ಲೇ ಕೇಳಿ. ಅಡುಗೆಗೆ ಸೈಂಧವ ಲವಣ ಬಳಸುತ್ತಿದ್ದರೆ ಅಯೋಡಿನ್ ಇರುವ ಉಪ್ಪಿಗೆ ಬದಲಾಯಿಸಿ.