ಇಂಗ್ಲೆಂಡಿನ ಹಳೇ ಮನೆಯ ಕ್ಯಾವಿಟಿ ಗೋಡೆಗೆ ಇನ್ಸುಲೇಶನ್ ತುಂಬಿಸಬೇಕಾ, ಬೇಡವಾ?

ಪ್ರೆಸ್ಟನ್‌ನಲ್ಲಿ 1950ರ ದಶಕದ ಸೆಮಿ-ಡಿಟ್ಯಾಚ್ಡ್ (ಒಂದು ಬದಿ ಪಕ್ಕದ ಮನೆಗೆ ಅಂಟಿದ) ಮನೆ ತಗೊಂಡಿದ್ದೀರಿ. ಎಷ್ಟು ಹೀಟಿಂಗ್ ಹಾಕಿದರೂ ಮನೆ ಬೆಚ್ಚಗಾಗುತ್ತಿಲ್ಲ. ಬಾಗಿಲಿಗೆ ಬಂದ ಕಂಪನಿಯವರು ಗೋಡೆ ತುಂಬಿಸಿಕೊಳ್ಳಿ ಅನ್ನುತ್ತಾರೆ, ಪಕ್ಕದ ಮನೆಯವರು ಡ್ಯಾಂಪ್ (ಗೋಡೆಗೆ ತೇವ) ಬರುತ್ತೆ ಬೇಡ ಅನ್ನುತ್ತಾರೆ. ಯಾರ ಮಾತು ಕೇಳೋದು ಅನ್ನೋದು ನಿಮ್ಮ ಪ್ರಶ್ನೆ.

ನಾನಿರುವುದು ಲೆಸ್ಟರ್‌ನಲ್ಲಿ, 1960ರ ದಶಕದ ಮನೆ. ನಾವು ತುಂಬಿಸಿಕೊಂಡೆವು, ತುಂಬಾ ಒಳ್ಳೆಯದಾಯಿತು. ಆದರೂ ನಿಮಗೆ ಸುಮ್ನೆ "ಹಾಕಿಸಿ" ಅಂತ ಹೇಳಲಾರೆ. ನಮ್ಮೂರಿನ ಮಳೆ ಬೇರೆ, ನಿಮ್ಮೂರಿನ ಮಳೆ ಬೇರೆ.

ಕ್ಯಾವಿಟಿ ಗೋಡೆ ಅಂದರೆ ಎರಡು ಗೋಡೆ, ನಡುವೆ ಐದಾರು ಸೆಂಟಿಮೀಟರ್ ಖಾಲಿ ಜಾಗ. ಆ ಜಾಗ ಬಿಟ್ಟಿದ್ದೇ ಮಳೆನೀರಿಗಾಗಿ. ಇಟ್ಟಿಗೆ ನೀರು ಕುಡಿಯುತ್ತೆ, ಗಾರೆಯ ಸಂದಿಯಲ್ಲೂ ನೀರು ಇಳಿಯುತ್ತೆ. ಹೊರಗೋಡೆ ದಾಟಿದ ನೀರು ಅದರ ಒಳಮೈಯಲ್ಲೇ ಹರಿದು ಕೆಳಗೆ ಹೋಗಬೇಕು, ಒಳಗೋಡೆ ಮುಟ್ಟಬಾರದು. ಈಗ ನಾವು ಆ ಜಾಗವನ್ನೇ ಶಾಖ ತಡೆಯುವ ವಸ್ತುವಿನಿಂದ, ಅಂದರೆ ಇನ್ಸುಲೇಶನ್‌ನಿಂದ, ತುಂಬುತ್ತೇವೆ. ಒಳ್ಳೆಯ ಥರ್ಮಾಕೋಲ್ ಗುಂಡು ನೀರು ಹೀರುವುದಿಲ್ಲ, ಮಿನರಲ್ ವುಲ್‌ಗೂ (ಉಣ್ಣೆಯಂಥ ಖನಿಜದ ನಾರು) ನೀರು ತಡೆಯುವ ಲೇಪ ಇರುತ್ತೆ. ಹಾಗಾಗಿ ಸಾಮಾನ್ಯ ಮಳೆಗೆ, ಸರಿಯಾದ ಗೋಡೆಗೆ, ಇದರಿಂದ ತೊಂದರೆ ಇಲ್ಲ. ಗೋಡೆಯಲ್ಲಿ ಬಿರುಕಿದ್ದು, ಅದೇ ಕಡೆಯಿಂದ ಗಾಳಿ-ಮಳೆ ಜೋರಾಗಿ ಬಡಿಯುತ್ತಿದ್ದರೆ ನೀರು ಒಳಗೆ ದಾರಿ ಹುಡುಕಿಕೊಳ್ಳುತ್ತೆ.

ನಾನು ಮಲೆನಾಡಿನ ಸಾಗರದ ಕಡೆಯವನು. ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ, ಎರಚಲು ಹೊಡೆಯುವ ದಿಕ್ಕಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಉಳಿದ ಗೋಡೆಗಳ ಚಿಂತೆ ಅಷ್ಟಿಲ್ಲ. ನಿಮ್ಮ ಮನೆಯನ್ನೂ ಅದೇ ಕಣ್ಣಲ್ಲಿ ನೋಡಿ. ಬ್ರಿಟನ್‌ನಲ್ಲಿ ಮಳೆಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬರುತ್ತೆ. ಅದಕ್ಕೇ ಇಲ್ಲಿ ದೇಶವನ್ನು ಮಳೆ ಹೊಡೆತದ ಮೇಲೆ ನಾಲ್ಕು ವಲಯ ಮಾಡಿದ್ದಾರೆ. ವೇಲ್ಸ್, ಕಾರ್ನ್‌ವಾಲ್, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿ, ನಿಮ್ಮ ಲಂಕಾಶೈರ್ ಕಡೆ ಹೊಡೆತ ಜಾಸ್ತಿ. ನಮ್ಮ ಮಿಡ್‌ಲ್ಯಾಂಡ್ಸ್‌ನಲ್ಲಿ ಕಡಿಮೆ. ಹೊಡೆತ ಜಾಸ್ತಿ ಇದ್ದ ಮಾತ್ರಕ್ಕೆ ಆಗಲ್ಲ ಅಂತಲ್ಲ, ಆದರೆ ಗೋಡೆ ಗಟ್ಟಿಯಾಗಿರಬೇಕು. ಎದುರಿಗೆ ಬೇರೆ ಮನೆಗಳಿವೆಯಾ, ಅಥವಾ ಬಯಲಾ? ಪಶ್ಚಿಮದ ಗೋಡೆಯ ಗಾರೆ ಬೆರಳಲ್ಲಿ ಕೆರೆದರೆ ಉದುರುತ್ತಾ? ಇಟ್ಟಿಗೆಯ ಮುಖ ಸಿಪ್ಪೆ ಎದ್ದಿದೆಯಾ? ಗಟರ್ ಸೋರಿ ಗೋಡೆ ಮೇಲೆ ಹಸಿರು ಕಟ್ಟಿದೆಯಾ? ಈ ಕೊನೆಯ ಮೂರರಲ್ಲಿ ಒಂದಕ್ಕೆ ಹೌದು ಅಂತಾದರೂ ಮೊದಲು ಅದನ್ನು ರಿಪೇರಿ ಮಾಡಿಸಿ. ತುಂಬಿಸುವ ಮಾತು ಆಮೇಲೆ.

ಹೊರಗಿಂದ ಇಷ್ಟು ಕಾಣುತ್ತೆ, ಒಳಗಿರೋದು ಕಾಣಲ್ಲ. ಅದಕ್ಕೆ ಬೋರೋಸ್ಕೋಪ್ ಪರೀಕ್ಷೆ ಬೇಕೇ ಬೇಕು. ಗಾರೆಯ ಸಂದಿಯಲ್ಲಿ ಸಣ್ಣ ತೂತು ಕೊರೆದು ಕ್ಯಾಮೆರಾ ತೂರಿಸಿ ನೋಡುತ್ತಾರೆ. ನಮ್ಮ ಮನೆಯಲ್ಲಿ ಮಾಡಿದಾಗ ನಾನೂ ಪಕ್ಕದಲ್ಲಿ ನಿಂತು ಸ್ಕ್ರೀನ್ ನೋಡಿದೆ. ಎರಡೂ ಗೋಡೆ ಹಿಡಿದಿಡುವ ಕಬ್ಬಿಣದ ಟೈ ಮೇಲೆ, ಮನೆ ಕಟ್ಟುವಾಗ ಮೇಸ್ತ್ರಿಯ ಕರಣೆಯಿಂದ ಬಿದ್ದ ಗಾರೆ ಮುದ್ದೆಯಾಗಿ ಕೂತಿತ್ತು. ಒಂದು ತುದಿ ಹೊರಗೋಡೆಗೆ ಅಂಟಿದೆ, ಇನ್ನೊಂದು ಒಳಗೋಡೆಗೆ ಇನ್ನೇನು ತಾಗಬೇಕು. ಅದು ತಾಗಿದ್ದರೆ ನೀರಿಗೆ ಅಲ್ಲೇ ಸೇತುವೆ. ಆ ಜಾಗದ ಇಟ್ಟಿಗೆ ತೆಗೆಸಿ ಕ್ಲೀನ್ ಮಾಡಿಸಿದ ಮೇಲೆಯೇ ತುಂಬಿಸಿದೆವು. ಟೈಗಳು ತುಕ್ಕು ಹಿಡಿದಿವೆಯಾ ಅಂತಲೂ ಆಗಲೇ ಗೊತ್ತಾಗುತ್ತೆ. ಕೆಲವೊಮ್ಮೆ ಗೋಡೆಯ ಬುಡದಲ್ಲಿ ಇಟ್ಟಿಗೆ ಚೂರಿನ ರಾಶಿಯೇ ಇರುತ್ತೆ. ಕ್ಯಾಮೆರಾ ಹಾಕದೆ "ನಿಮ್ಮ ಗೋಡೆ ಚೆನ್ನಾಗಿದೆ" ಅನ್ನುವವರನ್ನು ದಯವಿಟ್ಟು ನಂಬಬೇಡಿ.

ಇನ್ನೊಂದು ವಿಷಯ. ನಿಮ್ಮ ಗೋಡೆಯನ್ನು ಹಿಂದಿನ ಮಾಲೀಕರೇ ತುಂಬಿಸಿರಬಹುದು. ಗಾರೆಯಲ್ಲಿ ಒಂದಿಂಚು ಅಗಲದ ಮುಚ್ಚಿದ ತೂತುಗಳು ಸುಮಾರು ಒಂದೊಂದು ಮೀಟರ್ ಅಂತರದಲ್ಲಿ ಕಂಡರೆ ಅನುಮಾನಪಡಿ. ಸೀಗಾ (CIGA) ಅನ್ನುವ ಗ್ಯಾರಂಟಿ ಸಂಸ್ಥೆಯ ವೆಬ್‌ಸೈಟಿನಲ್ಲೂ ಮನೆಯ ವಿಳಾಸ ಹಾಕಿ ಹುಡುಕಬಹುದು.

ಪಕ್ಕದ ಮನೆಯವರ ಹೆದರಿಕೆ ಸುಳ್ಳಲ್ಲ. ಪ್ರೆಸ್ಟನ್‌ನವರಿಗೆ ತಮ್ಮೂರಿನ ಫಿಶ್‌ವಿಕ್ ಬಡಾವಣೆ ನೆನಪಿರುತ್ತೆ. ಸುಮಾರು 2013ರಲ್ಲಿ ಅಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಗಳಿಗೆ ಮಾಡಿದ ಇನ್ಸುಲೇಶನ್ ಕೆಟ್ಟು, ಜನ ಪಟ್ಟ ಪಾಡು ಅಷ್ಟಿಷ್ಟಲ್ಲ. 2025ರ ಅಕ್ಟೋಬರ್‌ನಲ್ಲಿ ನ್ಯಾಷನಲ್ ಆಡಿಟ್ ಆಫೀಸ್ (ಸರ್ಕಾರಿ ಖರ್ಚಿನ ಲೆಕ್ಕ ಪರಿಶೋಧಿಸುವ ಸಂಸ್ಥೆ) ವರದಿಯಲ್ಲಿ 98% ಕೆಲಸದಲ್ಲಿ ದೋಷ ಅಂತ ಬಂದಿದ್ದನ್ನೂ ಓದಿರುತ್ತೀರಿ. ಆದರೆ ಇವೆರಡೂ ಗೋಡೆಯ ಹೊರಮೈಗೆ ಹಲಗೆ ಅಂಟಿಸುವ ಕೆಲಸದ್ದು, ಕ್ಯಾವಿಟಿ ತುಂಬುವುದರದ್ದಲ್ಲ. ಆದರೂ ಎರಡರಲ್ಲೂ ಪಾಠ ಒಂದೇ. ಸರ್ಕಾರದ ಯೋಜನೆ, ಫ್ರೀ ಅಂದ ಕೂಡಲೇ ಗೋಡೆ ನೋಡದೆ ಕೆಲಸ ಮುಗಿಸಿ ಓಡುವವರು ಇದ್ದಾರೆ. ಕೆಟ್ಟ ಮೇಲೆ ತೆಗೆಸುವುದು ಹಾಕಿಸಿದ್ದಕ್ಕಿಂತ ದುಬಾರಿ, ಸಾವಿರಾರು ಪೌಂಡ್. ಕೆಟ್ಟ ಕ್ಯಾವಿಟಿ ಕೆಲಸಕ್ಕೆ ಪರಿಹಾರ ಕೊಡಿಸುತ್ತೇವೆ, ಗೆದ್ದರೆ ಮಾತ್ರ ಫೀಸು ಅಂದ ಶೆಫೀಲ್ಡಿನ ಒಂದು ಲಾ ಕಂಪನಿ 2024ರ ಜನವರಿಯಲ್ಲಿ ಮುಳುಗಿ, ಕೇಸು ಹಾಕಿದ ಬಡ ಮನೆಯವರ ಕೈಗೆ ಕೋರ್ಟ್ ಖರ್ಚಿನ ಬಿಲ್ ಬಂತು. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತೆ.

ಹಾಗಂತ ಲಾಭ ಸಣ್ಣದಲ್ಲ. ಇನ್ಸುಲೇಶನ್ ಇಲ್ಲದ ಮನೆಯಲ್ಲಿ ಸುಮಾರು ಮೂರನೇ ಒಂದು ಭಾಗ ಶಾಖ ಗೋಡೆಯಿಂದಲೇ ಹೋಗುತ್ತೆ. ನಮ್ಮ ಮಲಗುವ ಕೋಣೆಯಲ್ಲಿ ಹೊರಗೋಡೆಗೆ ವಾರ್ಡ್‌ರೋಬ್ ಇತ್ತು. ಪ್ರತಿ ಚಳಿಗಾಲ ಅದರ ಹಿಂದೆ ಕಪ್ಪು ಬೂಷ್ಟು, ರೇಷ್ಮೆ ಸೀರೆಗಳಿಗೆಲ್ಲ ಮುಗ್ಗಲು ವಾಸನೆ. ಅದು ಮಳೆನೀರಲ್ಲ. ಅಡುಗೆ, ಸ್ನಾನ, ಒಳಗೇ ಒಣಹಾಕಿದ ಬಟ್ಟೆಯ ಆವಿ ತಣ್ಣನೆ ಗೋಡೆಗೆ ತಾಗಿ ನೀರಾಗುತ್ತಿದ್ದದ್ದು. ತುಂಬಿಸಿದ ಮೇಲೆ ಗೋಡೆ ಬೆಚ್ಚಗಾಗಿ ಅದು ನಿಂತಿತು. ಅಡುಗೆಮನೆ ಫ್ಯಾನ್ ಮಾತ್ರ ಈಗಲೂ ತಪ್ಪದೆ ಹಾಕುತ್ತೇವೆ. ನಿಮ್ಮಲ್ಲಿ ಇರೋದು ಯಾವ ತೇವ ಅಂತ ಗಮನಿಸಿ. ಮಳೆ ಬಂದ ಮರುದಿನ ಗೋಡೆಯ ನಡುವೆ ಕಲೆ ದೊಡ್ಡದಾದರೆ ಅದು ಹೊರಗಿನ ನೀರು, ಆಗ ತುಂಬಿಸಲೇಬೇಡಿ. ಮೂಲೆಯಲ್ಲಿ, ಬೀರು ಹಿಂದೆ ಬೂಷ್ಟು ಅಂದರೆ ಹೆಚ್ಚಾಗಿ ಒಳಗಿನ ಆವಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಲಾಫ್ಟ್‌ನಲ್ಲಿ (ಛಾವಣಿ ಕೆಳಗಿನ ಅಟ್ಟ) 270 ಮಿಲಿಮೀಟರ್ ದಪ್ಪದ ಇನ್ಸುಲೇಶನ್ ಇದೆಯಾ ನೋಡುತ್ತಿದ್ದೆ. ಅದು ಅಗ್ಗ, ಅಪಾಯ ಕಡಿಮೆ. ಆಮೇಲೆ, ಮಾರುವ ಕಂಪನಿಗೆ ಸಂಬಂಧವೇ ಇಲ್ಲದ ರಿಕ್ಸ್ (RICS, ಸರ್ವೇಯರ್‌ಗಳ ವೃತ್ತಿಸಂಸ್ಥೆ) ಸರ್ವೇಯರ್ ಒಬ್ಬರಿಗೆ ದುಡ್ಡು ಕೊಟ್ಟು ಗೋಡೆ ತೋರಿಸುತ್ತಿದ್ದೆ. ಅವರು ಸೈ ಅಂದರೆ ಟ್ರಸ್ಟ್‌ಮಾರ್ಕ್ (ಸರ್ಕಾರದ ಮನ್ನಣೆ ಇರುವ ಗುಣಮಟ್ಟದ ಯೋಜನೆ) ನೋಂದಣಿ ಇರುವವರ ಹತ್ತಿರ, 25 ವರ್ಷದ ಗ್ಯಾರಂಟಿ ಬರೆಸಿಕೊಂಡು ಕೆಲಸ ಕೊಡಿ. ಗಟರ್, ಪಾಯಿಂಟಿಂಗ್ (ಇಟ್ಟಿಗೆ ಸಂದಿಯ ಗಾರೆ) ನೀವು ನೋಡಿಕೊಳ್ಳದಿದ್ದರೆ ಗ್ಯಾರಂಟಿ ನಡೆಯದೆ ಹೋಗಬಹುದು, ಷರತ್ತು ಓದಿ. ಗ್ಯಾಸ್ ಒಲೆ ಅಥವಾ ಬಾಯ್ಲರ್‌ಗೆ ಗಾಳಿ ಕೊಡುವ ತೂತು ಮುಚ್ಚಿಹೋಗದಂತೆ ಕೊಳವೆ ಹಾಕಬೇಕು, ಇದು ಜೀವದ ಪ್ರಶ್ನೆ. ಪಕ್ಕದ ಮನೆಯ ಗೋಡೆಯೊಳಗೆ ಗುಂಡು ಹರಿದುಹೋಗದಂತೆ ನಡುವೆ ಬ್ರಷ್ ತಡೆ ಇಡಿಸಿ. 2027ರ ಮಾರ್ಚ್ ಕೊನೆಯವರೆಗೆ ಈ ಕೆಲಸಕ್ಕೆ ವ್ಯಾಟ್ ಇಲ್ಲ, ಹಾಗಾಗಿ ಬಿಲ್ಲಿನಲ್ಲಿ ಅದು ಸೇರಿದ್ದರೆ ಕೇಳಿ.

ಬಾಗಿಲಿಗೆ ಬಂದವರಿಗೆ ಇವತ್ತೇ ಸಹಿ ಹಾಕಬೇಡಿ. ಬೋರೋಸ್ಕೋಪ್ ಫೋಟೋ ಸಿಕ್ಕಿದ ಮೇಲೆ, ಮನೆಯ ಪಶ್ಚಿಮ ಗೋಡೆಯ ಫೋಟೋ ಜೊತೆ ಇಲ್ಲೇ ಹಾಕಿ, ನೋಡಿ ನನಗೆ ತಿಳಿದಷ್ಟು ಹೇಳುತ್ತೇನೆ.