ರಾತ್ರಿ ಪಾಳಿ ಕರೆಂಟ್, ಹೊಲದಾಗ ಒಬ್ಬರ: ವಾಕಿಟಾಕಿ ತಗೊಳ್ಳೂಕಿಂತ ಮೊದಲ ಮಾಡೂದು

ಗದಗ ಜಿಲ್ಲೆ ರೋಣದ ಕಡೆ ಅಣ್ಣಾರು ಕೇಳಿದ್ದು ಇಷ್ಟ: ಪಂಪಿನ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದಾಗ 62 ವರ್ಷದ ಅಪ್ಪಾರು ಒಬ್ಬರ ನೀರ ಹಾಯಿಸಾಕ ಹೋಗ್ತಾರ, ಹೊಲ ಮನಿಯಿಂದ ಒಂದೂವರಿ ಕಿಲೋಮೀಟರ್, ಬೋರ್ ಹತ್ರ ಸಿಗ್ನಲ್ ಇಲ್ಲ, ವಾಕಿಟಾಕಿ ತರಬೇಕೋ, ಮೊಬೈಲ್ ಸಿಗ್ನಲ್ ಹೆಚ್ಚಿಸೂ ಬೂಸ್ಟರ್ ಹಾಕಿಸಬೇಕೋ? ಅದಕ್ಕ ಉತ್ತರ ಕೊಟ್ಟವರೆಲ್ಲಾ ಸಾಮಾನಿನ ಹೆಸರ ಹೇಳ್ಯಾರ. ಸಾಮಾನಿಗೆ ಆಮ್ಯಾಲ ಬರೂಣು.

ಶಾಕ್ ಹೊಡದ ಬಿದ್ದವರು, ತಲಿಗೆ ಪೆಟ್ಟಾದವರು ಗುಂಡಿ ಒತ್ತಂಗಿಲ್ಲ. ಹಂಗಾಗಿ ಕರೆ ಬಂದ್ರ ಓಡೂ ಪದ್ಧತಿ ಸಾಲಂಗಿಲ್ಲ, ಕರೆ ಬರದಿದ್ರ ಓಡೂ ಪದ್ಧತಿ ಬೇಕು. ಮನಿ ಬಿಡೂವಾಗ ಅಪ್ಪಾರು ಯಾವ ಮಡಿಗೆ ನೀರ, ಯಾವ ದಾರಿಲೆ ಹೊಂಟಾರ ಅನ್ನೂದು ಹೇಳಿ ಹೋಗ್ಲಿ. ಮೋಟರ್ ಚಾಲೂ ಆದ ಕೂಡ್ಲೆ ಒಂದು ಮಿಸ್ಡ್ ಕಾಲ್, ಆಮ್ಯಾಲ 45 ನಿಮಿಷಕ್ಕೊಂದು, ಹೊರಡೂವಾಗ ಕಡೀದು. ಮನಿಯಾಗ ಎಚ್ಚರ ಇರೋರ ಫೋನಿಗೆ ಅದ ಹೊತ್ತಿಗೆ ಅಲಾರಂ ಇಡ್ರಿ. ಕಾಲ್ ತಪ್ಪಿದ್ರ 10 ನಿಮಿಷ ಕಾಯ್ರಿ, ಅವರಿಗೆ ಹಚ್ರಿ, ಹತ್ತದಿದ್ರ ಬಾಜೂ ಹೊಲದವರಿಗೆ ಹಚ್ರಿ, ಅಲ್ಲೂ ಸಿಗದಿದ್ರ ಇಬ್ಬರು ಗಾಡಿ ತಗೊಂಡು ಹೊರಡ್ರಿ. ಯಾರ ಹೊರಡೂದು ಅನ್ನೂದನ್ನ ಹಗಲ ಹೊತ್ತಿನ್ಯಾಗ ಗೊತ್ತಮಾಡಿ ಇಡ್ರಿ.

ಇದು ಕೆಡೂದು ಎರಡು ಕಡೆ. 15 ನಿಮಿಷಕ್ಕೊಂದು ಕಾಲ್ ಅಂತ ಇಟ್ರ ಎಂಟು ದಿನಾನೂ ನಡಿಯಂಗಿಲ್ಲ. ಇನ್ನ ಕಡೀ ಕಾಲ್ ಮರತು ಹಂಗ ಬಂದು ಮಲಗಿಬಿಟ್ರ, ಜನ ಸುಮ್ಮನ ಓಡಿ ಬರ್ತಾರ. ಹಂಗ ಎರಡು ಸಲ ಆದ್ರ ಮೂರನೇ ಸಲ ಯಾರೂ ಏಳಂಗಿಲ್ಲ.

ಈಗ ಸಿಗ್ನಲ್. "ಇಲ್ಲ" ಅನ್ನೂಕಿಂತ ಮೊದಲ ಮೂರು ಕಂಪನಿ ಸಿಮ್ ತಗೊಂಡು ಬೋರಿನ ಸುತ್ತ 20 ಹೆಜ್ಜಿಗೊಮ್ಮೆ ನಿಂತು ನೋಡ್ರಿ. ತಗಡಿನ ಶೆಡ್ಡಿನ ಒಳಗ ಸಿಗದ ಸಿಗ್ನಲ್ ಹೊರಗ ಬದುವಿನ ಮ್ಯಾಲ ಸಿಗೂದುಂಟು. ಸಿಕ್ಕ ಜಾಗಕ್ಕ ಸುಣ್ಣ ಹಚ್ಚಿದ ಗೂಟ ಬಡೀರಿ, ಕತ್ತಲಾಗ ಕಾಣಬೇಕು. ಕರೆ ಹೋಗದಷ್ಟು ಕಡಿಮಿ ಸಿಗ್ನಲ್ ಇದ್ರೂ ಎಸ್ಎಂಎಸ್ ಹೋಗಬಹುದು. ಅಂಥಲ್ಲಿ ಮಿಸ್ಡ್ ಕಾಲ್ ಬದಲಿ ಎಸ್ಎಂಎಸ್ ಇಟ್ಕೋರಿ. ಪರದೆ ಮ್ಯಾಲ "ತುರ್ತು ಕರೆ ಮಾತ್ರ" ಅಂತ ಇದ್ರ ಬ್ಯಾರೆ ಕಂಪನಿ ಟವರ್ ಸಿಕ್ಕೈತಿ ಅಂತ ಅರ್ಥ, 112 ಅದರ ಮ್ಯಾಲ ಹೋಗತೈತಿ. ಬೂಸ್ಟರ್ ಬ್ಯಾಡ್ರಿ. ಖಾಸಗಿಯವರು ಅದನ್ನ ಹಾಕೂದು ಕಾನೂನಿಗೆ ವಿರುದ್ಧ, ಸುತ್ತಲಿನವರ ಸಿಗ್ನಲ್ಲೂ ಕೆಡತೈತಿ.

ವಾಕಿಟಾಕಿ ತಗೊಳ್ಳೂದ ಆದ್ರ 446.0ರಿಂದ 446.2 ಮೆಗಾಹರ್ಟ್ಸ್‌ನ್ಯಾಗ ಕೆಲಸ ಮಾಡೂ, ಅರ್ಧ ವ್ಯಾಟಿನ, ಸರ್ಕಾರದ ಟೈಪ್ ಅಪ್ರೂವಲ್ ಇರೂ ಸೆಟ್ ತಗೋರಿ; ಅದಕ್ಕ 2018ರ ನಿಯಮದಂಗ ಲೈಸೆನ್ಸ್ ಬೇಕಿಲ್ಲ. 5 ವ್ಯಾಟಿನ ಅಗ್ಗದ ಸೆಟ್ ದೂರ ಹೋಗತಾವ ಖರೆ, ಆದ್ರ ಲೈಸೆನ್ಸ್ ಇಲ್ಲದ ಅವನ್ನ ಬಳಸೂವಂಗಿಲ್ಲ. ಡಬ್ಬಿ ಮ್ಯಾಲ ಬರದ 8–10 ಕಿಲೋಮೀಟರ್ ನಂಬಬ್ಯಾಡ್ರಿ. ಬಯಲು ಎರಿ ಹೊಲದಾಗ, ಪೀಕು ಸಣ್ಣದಿದ್ದಾಗ ಒಂದೂವರಿ–ಎರಡು ಕಿಲೋಮೀಟರ್ ಅಂತ ಹಿಡೀರಿ. ಗೋವಿನಜೋಳ ತಲಿ ಮ್ಯಾಲ ಬೆಳದ್ರ ಅದೂ ಕಡಿಮಿ ಆಗತೈತಿ. ಮನಿ ಸೆಟ್ ಪಡಸಾಲಿಯೊಳಗ ಇಟ್ರ ಕೇಳೂದ ಅನುಮಾನ, ಮಾಳಿಗಿ ಮ್ಯಾಲ ಮಲಗೋರ ಕೈಯಾಗ ಕೊಡ್ರಿ. ಈ ಸೆಟ್ಟಿಗೆ ವ್ಯಾಟಿಗಿಂತ ಎತ್ತರ ದೊಡ್ಡದು. ನಿಮ್ಮ ಒಂದೂವರಿ ಕಿಲೋಮೀಟರ್ ಅಂಚಿನ್ಯಾಗ ಐತಿ, ಯಾರದಾರ ಸೆಟ್ ಇಸ್ಕೊಂಡು ಪೀಕು ಬೆಳದಾಗ ಪರೀಕ್ಷೆ ಮಾಡಿ ಆಮ್ಯಾಲ ರೊಕ್ಕ ಹಾಕ್ರಿ.

ಫೋನಿನಿಂದನ ಮೋಟರ್ ಚಾಲೂ-ಬಂದ್ ಮಾಡೂ ಮೊಬೈಲ್ ಸ್ಟಾರ್ಟರ್ ನನಗ ವಾಕಿಟಾಕಿಗಿಂತ ಚೊಲೋ ಅನಸತೈತಿ, ಹೊಲಕ್ಕ ಹೋಗೂ ಸಲನ ಕಡಿಮಿ ಆಗತೈತಿ. ಆದ್ರ ಬಾಳ ಸ್ಟಾರ್ಟರ್ 2ಜಿ ಮ್ಯಾಲ ನಡಿತಾವ, 2ಜಿ ಇಲ್ಲದ ಜಿಯೋ ಸಿಮ್ ಹಾಕಿದ್ರ ಏಳಂಗಿಲ್ಲ. ರೀಚಾರ್ಜ್ ಮುಗದ್ರ ಮೋಟರೂ ಮುಗೀತು. ಸಿಗ್ನಲ್ ಕಡಿಮಿ ಇದ್ರ ವೈರಿನ ಆಂಟೆನಾ ಇರೂ ಮಾಡೆಲ್ ತಗೊಂಡು ಆಂಟೆನಾ ಕಂಬಕ್ಕ ಏರಸ್ರಿ. ಇದರಾಗ ಒಂದು ಹೊಸಾ ಅಪಾಯ ಐತಿ: ಅಪ್ಪಾರು ಪೆಟ್ಟಿಗಿ ಬಿಚ್ಚಿ ವೈರ್ ನೋಡೂವಾಗ ಮನಿಯಾಗಿನ ಮೊಮ್ಮಗ ಫೋನಿನಿಂದ ಮೋಟರ್ ಹಚ್ಚಬಹುದು, ಆಟೋ ಇದ್ರ ಕರೆಂಟ್ ಬಂದ ಕೂಡ್ಲೆ ತಾನ ಹತ್ತಬಹುದು. ಪೆಟ್ಟಿಗಿ ಮುಟ್ಟೂಕಿಂತ ಮೊದಲ ಮೇನ್ ಕೆಳಗ ಹಾಕಿ, ಮೂರೂ ಫ್ಯೂಸ್ ಕಿತ್ತು ಕಿಸೆದಾಗ ಇಟ್ಕೋಬೇಕು. ಶೆಡ್ಡಿನ ಕಟ್ಟಿ ಮ್ಯಾಲ ಅಲ್ಲ, ಕಿಸೆದಾಗ.

ಹುಡುಕಾಕ ಹೋದವರಿಗೂ ಇದ ಮಾತು. ಬಿದ್ದವರನ್ನ ನೋಡಿದ ಕೂಡ್ಲೆ ಕೈ ಹಾಕಬ್ಯಾಡ್ರಿ, ಮೇನ್ ತಗದ ಮ್ಯಾಲ ಮುಟ್ರಿ. ಹರದ ಬಿದ್ದ ಲೈನ್ ಆದ್ರ ನಿಮ್ಮ ಮೇನ್‌ಗೆ ಅದು ಬಗ್ಗಂಗಿಲ್ಲ, ದೂರ ನಿಂತು ಕರೆಂಟ್ ಕಂಪನಿ ಹೆಸ್ಕಾಂನ 1912ಕ್ಕ ಹಚ್ರಿ. ಸೆಕ್ಷನ್ ಆಫೀಸಿನ ನಂಬರೂ ಇರ್ಲಿ. ಹಾವು ಕಡದಿದ್ರ ಕಟ್ಟೂದು ಕೊಯ್ಯೂದು ಬ್ಯಾಡ, ನಡಸೂದೂ ಬ್ಯಾಡ. ಕಡದ ಕೈಕಾಲ ಅಲುಗದಂಗ ಇಟ್ಟು 108ಕ್ಕ ಹಚ್ಚಿ, ಹಾವಿನ ಇಂಜೆಕ್ಷನ್ ಇರೂ ದವಾಖಾನಿಗೆ ಒಯ್ರಿ.

ಸರ್ವೆ ನಂಬರ್ ಹೇಳಿದ್ರ ಆಂಬುಲೆನ್ಸ್ ಡ್ರೈವರ್‌ಗೆ ತಿಳಿಯಂಗಿಲ್ಲ. ಬೋರ್ ಹತ್ರ ನಿಂತು ಮ್ಯಾಪಿನ್ಯಾಗ ಬರೂ ಅಕ್ಷಾಂಶ ರೇಖಾಂಶ ಬರಕೋರಿ, ದಶಾಂಶದ ನಂತರ ನಾಕು ಅಂಕಿ ಇದ್ರ ಸುಮಾರು 11 ಮೀಟರ್ ಒಳಗ ಜಾಗ ಸಿಗತೈತಿ. ಜೊತಿಗೆ ಡಾಂಬರ್ ರಸ್ತೆ ಎಲ್ಲಿ ಬಿಡಬೇಕು ಅನ್ನೂದು ಬರದು, ಆ ಚೀಟಿ ಶೆಡ್ಡಿನ್ಯಾಗ ಒಂದು, ಮನಿ ಗ್ವಾಡಿಗೆ ಒಂದು ಅಂಟಸ್ರಿ.

ಫೋನ್ ಅಂಗಿ ಕಿಸೆದಾಗ ಗುಂಡಿ ಹಾಕಿ ಇರಬೇಕು. ಬೆಳಕಿಗೆ ಬ್ಯಾರೆ ಬ್ಯಾಟರಿ ಒಯ್ರಿ, ಫೋನಿನ ಟಾರ್ಚ್ ಹಚ್ಚಿದ್ರ ನಡುರಾತ್ರಿಗೆ ಚಾರ್ಜ್ ಮುಗೀತೈತಿ. ಕೀಪ್ಯಾಡ್ ಫೋನ್ ಇದ್ರ, 2017ರಿಂದೀಚೆಗಿನ ನಿಯಮದ ಪ್ರಕಾರ 5 ಇಲ್ಲಾ 9 ಒತ್ತಿ ಹಿಡದ್ರ ತುರ್ತು ಕರೆ ಹೋಗಬೇಕು. ನಿಮ್ಮ ಸೆಟ್ಟಿನ್ಯಾಗ ಯಾವುದು ಅಂತ ಜೊತಿಗೆ ಬಂದ ಪುಸ್ತಕದಾಗ ನೋಡಿ ಅಪ್ಪಾರಿಗೆ ತೋರಸ್ರಿ.

ಇನ್ನೊಬ್ಬರು ಹಗೇವು (ನೆಲದೊಳಗ ಕಾಳು ತುಂಬಿ ಮುಚ್ಚಿಡೂ ಗುಂಡಿ) ತಗಿಯೂವಾಗ ಇದ ಮಿಸ್ಡ್ ಕಾಲ್ ಪದ್ಧತಿ ನಡಿತೈತೇನು ಅಂತ ಕೇಳ್ಯಾರ. ನಡಿಯಂಗಿಲ್ಲ. ಮುಚ್ಚಿದ ಕಾಳು ಉಸಿರಾಡಿ ಆಮ್ಲಜನಕ ತಿಂದಿರತೈತಿ, ಇಂಗಾಲದ ಡೈಆಕ್ಸೈಡ್ ಭಾರ ಇರೂದಕ್ಕ ತಳದಾಗ ಕುಂತಿರತೈತಿ. ಅಲ್ಲಿ ಸಮಯ ನಿಮಿಷದ ಲೆಕ್ಕ. ದೀಪ ಇಳಿಸಿದಾಗ ಆರಿದ್ರ ಇಳಿಯಲೇಬ್ಯಾಡ್ರಿ, ಉರದ್ರೂ ಅದು ಪೂರಾ ಖಾತ್ರಿ ಅಲ್ಲ. ಬಾಯಿ ತಗದು ಗಾಳಿ ಆಡಾಕ ಬಿಡ್ರಿ, ಇಳಿಯೋರ ಎದಿಗೆ ಹಗ್ಗ ಕಟ್ರಿ, ಎಳೆಯಾಕ ಆಗೂ ಇಬ್ಬರು ಮ್ಯಾಲ ನಿಂತು ಮಾತಾಡಿಸ್ತಾ ಇರ್ಲಿ. ಒಳಗಿನವರು ಉತ್ತರ ಕೊಡದಿದ್ರ ಹಗ್ಗ ಎಳೀರಿ, ಹಿಂದ ಇಳಿಯಬ್ಯಾಡ್ರಿ.